ತಲೆಕೆಳಗಾದ ಒಂದು ಮೀಟರ್

ಈ ವಸಂತದಲ್ಲಿ ನೆದರ್ಲೆಂಡ್ಸ್‌ನ ನೂರ್ಡ್‌ವೈಕ್ ಕಡಲ ದಂಡೆಗೆ ಮರಳು ಸುರಿಯುತ್ತಿದ್ದರು. ಈ ದೇಶದಲ್ಲಿ ಕೆಲವು ವರ್ಷಗಳಿಗೊಮ್ಮೆ ನಡೆಯುವ ಕೆಲಸ ಅದು. ಅಲೆಗಳು ಕೊರೆದು ಒಯ್ದ ಮರಳಿನ ಬದಲಿಗೆ ಹಡಗುಗಳು ಸಮುದ್ರದ ತಳದಿಂದ ಬೇರೆ ಮರಳು ಎಳೆದು ತಂದು ದಪ್ಪ ಕೊಳವೆಯಿಂದ ದಡಕ್ಕೆ ಉಗುಳುತ್ತವೆ. ನಾವು ಹೋದ ಭಾನುವಾರ ನೀರಿನ ಜೊತೆ ಕರಿ ಮಣ್ಣೂ ಬರುತ್ತಿತ್ತು, ಅದರ ಹಿಂದೆಯೇ ಕೊಳೆತ ಮೊಟ್ಟೆಯ ವಾಸನೆ. ಆರು ವರ್ಷದ ಮಗಳು ಮೂಗು ಮುಚ್ಚಿಕೊಂಡು, ಇಲ್ಲಿ ಏನು ಸತ್ತಿದೆ ಎಂದು ಡಚ್‌ನಲ್ಲಿ ಕೇಳಿದಳು.

"ಏನೂ ಸತ್ತಿಲ್ಲ ಪುಟ್ಟಿ. ತುಂಬ ವರ್ಷ ಗಾಳಿ ತಾಗದ ಮಣ್ಣು ಹೀಗೇ ವಾಸನೆ ಬರ್ತದೆ" ಎಂದೆ.

ಅವಳು ಅಪ್ಪನ ಕಡೆಗೆ ಓಡಿದಳು. ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಒಂಬತ್ತು ವರ್ಷಗಳ ಹಿಂದೆ, ಇಡೀ ಒಂದು ಚಳಿಗಾಲ, ಈ ವಾಸನೆ ನನ್ನ ಸ್ವೆಟರಿನಿಂದಲೂ ತಲೆಗೂದಲಿನಿಂದಲೂ ಹೋಗಿರಲಿಲ್ಲ. ಆ ಚಳಿಗಾಲದಲ್ಲಿ ನಾನು ಮಾಡಿದ್ದನ್ನು ಗಂಡನಿಗೆ ಹೇಳಿದ್ದೇನೆ. ಬರೆದದ್ದು ಇದೇ ಮೊದಲು.

ನಾನು ಕುಮಟಾದ ಹತ್ತಿರ, ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆಯವಳು. ಅಲ್ಲಿ ಗಜನಿ ಗದ್ದೆಗಳಿವೆ. ಭರತದ ಉಪ್ಪುನೀರು ನುಗ್ಗದ ಹಾಗೆ ಮಣ್ಣಿನ ಕಟ್ಟೆ ಹಾಕಿ, ಮಳೆಗಾಲದಲ್ಲಿ ಕಗ್ಗ ಎಂಬ ಭತ್ತ ಬೆಳೆಯುವ ಗದ್ದೆಗಳು. ಸಮುದ್ರ ಎಷ್ಟು ಹೊತ್ತಿಗೆ ಏರುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ ಎನ್ನುವುದು ನನಗೆ ಗಡಿಯಾರ ನೋಡಲು ಬರುವ ಮೊದಲೇ ಗೊತ್ತಿತ್ತು. ಅದನ್ನೇ ಒಂದು ವಿದ್ಯೆಯಾಗಿ ಓದಬಹುದು ಎಂದು ತಿಳಿದದ್ದು ತಡವಾಗಿ. ನೆದರ್ಲೆಂಡ್ಸ್‌ನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್.ಡಿ.ಗೆ ಜಾಗ ಸಿಕ್ಕಾಗ ನನಗೆ ಇಪ್ಪತ್ತಾರು. ಉತ್ತರ ಧ್ರುವದ ಹತ್ತಿರದ ಸ್ವಾಲ್ಬಾರ್ಡ್ ದ್ವೀಪಗಳ ಕಡಲಂಚಿನ ಕೆಸರನ್ನು ಓದುವ ಕೆಲಸ ಎಂದು ಹೇಳಿದಾಗ ಅಮ್ಮ, "ಕೆಸರು ಇಲ್ಲಿ ಇರ್ಲಿಲ್ವನೇ ನಿಂಗೆ?" ಎಂದಿದ್ದಳು.

ಕೆಸರು ಓದುವುದು ಎಂದರೆ ನಿಜವಾಗಿಯೂ ಓದುವುದೇ. ದಿನಕ್ಕೆರಡು ಬಾರಿ ಏರಿ ಇಳಿಯುವ ನೀರು ಕೂದಲೆಳೆಯಷ್ಟು ತೆಳುವಾದ ಪದರ ಬಿಟ್ಟು ಹೋಗುತ್ತದೆ. ಬಿರುಗಾಳಿಯ ದಿನದ ಅಲೆ ಅದರ ಮೇಲೆ ಒರಟು ಮರಳು ಎಸೆಯುತ್ತದೆ. ಚಳಿಗಾಲದಲ್ಲಿ ಸಮುದ್ರವೇ ಹೆಪ್ಪುಗಟ್ಟಿದರೆ ಅಲೆಗಳಿಗೆ ದಡ ಸಿಗುವುದಿಲ್ಲ. ಆಗ ಮಂಜಿನ ಮುಚ್ಚಳದ ಕೆಳಗೆ ನುಣ್ಣನೆಯ ಕೆಸರು ಸದ್ದಿಲ್ಲದೆ ಕೂರುತ್ತದೆ. ಬೇಸಿಗೆಗೆ ಒಡೆದ ಮಂಜುಗಡ್ಡೆಗಳು ದಡದ ಕಲ್ಲುಗಳನ್ನು ಹೊತ್ತು ತೇಲುತ್ತ ಹೋಗಿ, ಕರಗಿದ ಜಾಗದಲ್ಲಿ ಬೀಳಿಸುತ್ತವೆ. ಇದೆಲ್ಲದರ ಕೆಳಗೆ ನೆಲವೂ ಸುಮ್ಮನಿಲ್ಲ. ಸಾವಿರಾರು ವರ್ಷ ಹಿಮದ ಭಾರಕ್ಕೆ ಕುಗ್ಗಿದ್ದ ಆ ದ್ವೀಪಗಳು, ಹಿಮ ಕರಗಿದ ಮೇಲೆ ಇವತ್ತಿಗೂ ನಿಧಾನವಾಗಿ ಮೇಲೇಳುತ್ತಿವೆ. ಹಾಗಾಗಿ ಅಲ್ಲಿ ಸಮುದ್ರ ಹಿಂದೆ ಸರಿಯುತ್ತದೆ. ನಾವು ಕೂತು ಅದನ್ನು ಓದುತ್ತಿದ್ದ ದೇಶದಲ್ಲಿ ಮಾತ್ರ ನೆಲ ಕುಸಿಯುತ್ತಿತ್ತು, ಸಮುದ್ರ ಏರುತ್ತಿತ್ತು.

ಆ ಕೆಸರನ್ನು ಅಲ್ಲಿಂದ ತಂದವರು ಮಹಾಂತೇಶಣ್ಣ. ಬಾಗಲಕೋಟೆ ಕಡೆಯವರು. ನಾನು ಸೇರುವ ಹೊತ್ತಿಗೆ ಅವರ ಪಿಎಚ್.ಡಿ.ಯ ಕೊನೆಯ ವರ್ಷ ಹತ್ತಿರವಾಗಿತ್ತು. ಎರಡು ಬೇಸಿಗೆಯ ಹಿಂದೆ ಒಂದು ಫ್ಯೋರ್ಡ್‌ನ, ಅಂದರೆ ಬೆಟ್ಟಗಳ ನಡುವೆ ಉದ್ದಕ್ಕೆ ಒಳನುಗ್ಗಿದ ಸಮುದ್ರದ, ತುದಿಯಲ್ಲಿ ಅವರು ಕೆಸರಿನೊಳಗೆ ನಾಲ್ಕು ಮೀಟರ್ ಆಳಕ್ಕೆ ಪ್ಲಾಸ್ಟಿಕ್ ಕೊಳವೆ ಇಳಿಸಿ, ಪದರಗಳು ಕದಡದಂತೆ ಮಣ್ಣಿನ ಕಂಬವನ್ನೇ ಎತ್ತಿದ್ದರು. ಅದನ್ನು ನಾವು ಕೋರ್ ಎನ್ನುತ್ತಿದ್ದೆವು. ಒಯ್ಯಲು ಅನುಕೂಲವಾಗಲಿ ಎಂದು ಅದನ್ನು ಒಂದೊಂದು ಮೀಟರಿನ ನಾಲ್ಕು ತುಂಡು ಮಾಡಿದ್ದರು. ಮೇಲಿನ ತುಂಡಿಗೆ ಒಂದು, ತಳದ್ದಕ್ಕೆ ನಾಲ್ಕು ಎಂದು ಅಂಕಿ. ಆ ನಾಲ್ಕು ತುಂಡುಗಳ ಮೇಲೆ ಅವರ ಮುಖ್ಯ ಅಧ್ಯಾಯ ನಿಂತಿತ್ತು.

ನಾವಿಬ್ಬರೂ ನ್ಯೂವೆಗೈನ್ ಎಂಬ ಊರಿನಲ್ಲಿ ಬಾಡಿಗೆ ಕೋಣೆಗಳಲ್ಲಿದ್ದೆವು, ಎರಡು ಬೀದಿ ಆಚೀಚೆ. ಬೆಳಿಗ್ಗೆ ಒಂದೇ ಟ್ರಾಮಿನಲ್ಲಿ ಹೋಗುತ್ತಿದ್ದೆವು. ಅವರು ಮಾತಿಗೊಮ್ಮೆ ತಂಗಿ ಎನ್ನುತ್ತಿದ್ದರು. ಭಾನುವಾರ ಕೆಲವೊಮ್ಮೆ ಡಬ್ಬಿಯಲ್ಲಿ ಶೇಂಗಾ ಚಟ್ನಿ ತಂದುಕೊಟ್ಟು, ನಾನು ಉಪ್ಪಿಟ್ಟು ಮಾಡಿದ್ದರೆ ಕೂತು ತಿಂದು ಹೋಗುತ್ತಿದ್ದರು. ನನಗಿಂತ ಆರು ವರ್ಷ ದೊಡ್ಡವರು. ಯಾರ ಬಗ್ಗೆಯೂ ಕೆಟ್ಟ ಮಾತಾಡಿದ್ದನ್ನು ನಾನು ಕೇಳಿಲ್ಲ.

ಅಕ್ಟೋಬರ್‌ನಲ್ಲಿ ಶೀತಲ ಕೋಣೆಯಿಂದ ಕೊಳವೆಗಳನ್ನು ತೆಗೆದು ಉದ್ದಕ್ಕೆ ಸೀಳುವ ಕೆಲಸ ಶುರುವಾಯಿತು. ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದವರು ವಿಮ್, ನಿವೃತ್ತಿಗೆ ಎರಡು ವರ್ಷವಿದ್ದ ಮೌನಿ. ಚಿಟಿಕೆ ಕೆಸರನ್ನು ಮುಂಭಾಗದ ಹಲ್ಲುಗಳ ನಡುವೆ ಉಜ್ಜಿ ನೋಡುವುದನ್ನು ಅವರು ನನಗೆ ಕಲಿಸಿದರು. ಕರಕರ ಎಂದರೆ ಹುಡಿಮರಳು, ಬೆಣ್ಣೆಯ ಹಾಗಿದ್ದರೆ ಜೇಡಿ. ಸೀಳಿದ ಪ್ರತಿಯೊಂದು ಅರ್ಧಕ್ಕೂ ಅಂಕಿ ಮತ್ತು ಮೇಲ್ಮುಖವನ್ನು ತೋರಿಸುವ ಬಾಣ ಬರೆದು ಸ್ಟಿಕರ್ ಅಂಟಿಸುವುದು ನನ್ನ ಕೆಲಸ. ಒಂದು ಅರ್ಧ ಓದಲು, ಇನ್ನೊಂದು ಅರ್ಧ ಹಾಗೇ ಕಾದಿಡಲು.

ಡಿಸೆಂಬರ್ ಹೊತ್ತಿಗೆ ಮಹಾಂತೇಶಣ್ಣನ ಮುಖದಲ್ಲಿ ಒಂದು ಬೆಳಕು ಕಾಣಿಸತೊಡಗಿತು. ನೆಲ ಏರುತ್ತಿರುವ ದಡದಲ್ಲಿ ಕೋರ್ ಓದುವ ಕ್ರಮ ಸರಳ: ತಳದಲ್ಲಿ ಆಳ ನೀರಿನ ನುಣ್ಣನೆಯ ಕೆಸರು, ಮೇಲೆ ಹೋದಂತೆ ಅಲೆ ಮುಟ್ಟಿದ ಮರಳು, ತುದಿಯಲ್ಲಿ ಭರತ-ಇಳಿತದ ತೆಳುಪದರ. ಆದರೆ ಮೂರನೆಯ ತುಂಡಿನಲ್ಲಿ ಎಲ್ಲ ಉಲ್ಟಾ ಇತ್ತು. ಮರಳಿನಿಂದ ಶುರುವಾಗಿ ಮೇಲಕ್ಕೆ ಕೆಸರಾಗುತ್ತಿತ್ತು. ಅಂದರೆ ಹಿಂದೆ ಸರಿದ ಸಮುದ್ರ ಒಂದು ಕಾಲದಲ್ಲಿ ಮರಳಿ ಬಂದಿತ್ತು. ಆ ತುಂಡಿನ ಎರಡೂ ತುದಿಗಳಲ್ಲಿ ಪದರಗಳು ಥಟ್ಟನೆ ಬದಲಾಗಿದ್ದಕ್ಕೆ ಅವರು ಅಲೆಗಳ ಕೊರೆತದ ವಿವರಣೆ ಕೊಟ್ಟಿದ್ದರು. ನಮ್ಮಿಬ್ಬರಿಗೂ ಮಾರ್ಗದರ್ಶಕಿಯಾಗಿದ್ದ ಹನ್ನೆಕೆ ಬಹಳ ಪ್ರಶ್ನೆ ಕೇಳಿ, ಕೊನೆಗೆ ಒಪ್ಪಿದ್ದರು. ಆ ಅಧ್ಯಾಯ ನೋಡಿಯೇ ನಾರ್ವೆಯ ಉತ್ತರದ ಒಂದು ವಿಶ್ವವಿದ್ಯಾಲಯ ಅವರಿಗೆ ಮುಂದಿನ ಕೆಲಸ ಕೊಟ್ಟಿತ್ತು. ಮಾರ್ಚ್‌ನಲ್ಲಿ ಅವರ ಡಿಫೆನ್ಸ್, ಅಂದರೆ ಸಮಿತಿಯ ಮುಂದೆ ಪ್ರಬಂಧದ ಸಮರ್ಥನೆ; ಏಪ್ರಿಲ್‌ನಲ್ಲಿ ಅಲ್ಲಿಗೆ ಸೇರುವುದು.

"ಸಮುದ್ರ ಹೊಳ್ಳಿ ಬಂದೈತಿ ನೋಡು ತಂಗಿ. ಎಲ್ಲಾರೂ ಹೋತು ಹೋತು ಅಂತಾರ. ಒಮ್ಮೆ ಬಂದೈತಿ" ಎಂದು ಟ್ರಾಮಿನಲ್ಲಿ ಹೇಳಿ ತಮಗೆ ತಾವೇ ನಕ್ಕಿದ್ದರು.

ಜನವರಿಯ ಕೊನೆಯ ವಾರ. ನನ್ನ ಮೊದಲ ವರ್ಷದ ಮೌಲ್ಯಮಾಪನಕ್ಕೆ ಹತ್ತು ದಿನ ಉಳಿದಿತ್ತು. ಮುಂದುವರಿಸುವುದೋ, ಇಲ್ಲಿಗೇ ನಿಲ್ಲಿಸಿ ಮನೆಗೆ ಕಳಿಸುವುದೋ ಎಂದು ಅಲ್ಲಿ ತೀರ್ಮಾನವಾಗುತ್ತದೆ. ನಿಲ್ಲಿಸಿದರೆ ಈ ದೇಶದಲ್ಲಿರುವ ಪರ್ಮಿಟ್ಟೂ ಅದರ ಹಿಂದೆಯೇ ಹೋಗುತ್ತದೆ. ನನ್ನ ಕೆಲಸ ನಿಧಾನವಾಗಿದೆ ಎಂದು ಹನ್ನೆಕೆ ಆ ಮೊದಲೇ ಒಂದು ಸಲ ಎಚ್ಚರಿಸಿದ್ದರು. ಹಾಗಾಗಿ ಗಡಿಬಿಡಿಯಲ್ಲಿ ಮೂರನೆಯ ತುಂಡಿನಿಂದ ಸ್ಯಾಂಪಲ್ ತೆಗೆಯುತ್ತಿದ್ದೆ. ಒಂದು ಬೆರಳಿನಷ್ಟು ಒಳಗೆ ಚಾಕು ಏನಕ್ಕೋ ತಾಗಿತು. ನಿಧಾನವಾಗಿ ಸುತ್ತಲಿನ ಕೆಸರು ಕೆರೆದೆ. ಗೋಲಿಯಷ್ಟು ದೊಡ್ಡ ಕಪ್ಪು ಕಲ್ಲು.

ಅದು ಮಂಜುಗಡ್ಡೆಯಿಂದ ಬಿದ್ದ ಕಲ್ಲು. ಅಂಥ ಕಲ್ಲು ಮೆತ್ತನೆಯ ಕೆಸರಿಗೆ ಬಿದ್ದಾಗ ತನ್ನ ಕೆಳಗಿನ ಪದರಗಳನ್ನು ಒತ್ತಿ ಬಗ್ಗಿಸುತ್ತದೆ. ಹಾಸಿಗೆಯ ಮೇಲೆ ಗುಂಡುಕಲ್ಲು ಇಟ್ಟ ಹಾಗೆ. ಆಮೇಲೆ ಬರುವ ಪದರಗಳು ಅದರ ಮೇಲೆ ಹೊದಿಕೆಯಂತೆ ಮಲಗುತ್ತವೆ. ನನ್ನ ಮುಂದಿದ್ದ ಕಲ್ಲಿನ ಕೆಳಗೆ ಹೊದಿಕೆ ಇತ್ತು. ಒತ್ತಿ ಬಗ್ಗಿದ ಪದರಗಳು ಅದರ ಮೇಲಿದ್ದವು. ಕಲ್ಲು ಮೇಲಕ್ಕೆ ಬೀಳುವುದಿಲ್ಲ. ನಾನು ದೀಪ ಹತ್ತಿರ ತಂದು ನೋಡಿದೆ, ದೂರದಿಂದ ನೋಡಿದೆ. ಆ ಇಡೀ ಮೀಟರ್ ಮಣ್ಣು ತಲೆಕೆಳಗಾಗಿ ಮಲಗಿತ್ತು.

ಮಹಾಂತೇಶಣ್ಣನ ಕೋಣೆಗೆ ಹೋದೆ. ಅವರು ಡಿಫೆನ್ಸ್‌ಗೆ ಕರೆಯಬೇಕಾದವರ ಪಟ್ಟಿ ಮಾಡುತ್ತಿದ್ದರು.

"ಯಾಕ ತಂಗಿ, ಮಾರಿ ಸಣ್ಣದಾಗೇತಿ?"

"ಅಣ್ಣ, ಮೂರನೇ ಸೆಕ್ಷನ್ ಒಂದ್ಸಲ ಬಂದು ನೋಡಿ. ನಂಗೆ ಎಂತೋ ಸರಿ ಕಾಣ್ತಿಲ್ಲ."

ಅವರು ಬಂದು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ನಂತರ ಎರಡೂ ಕೈ ಕೆಳಗೆ ಹಾಕಿ ಆ ಅರ್ಧ ಕೊಳವೆಯನ್ನು ಸ್ವಲ್ಪ ಎತ್ತಿ, ಮತ್ತೆ ಮೆಲ್ಲನೆ ಇಟ್ಟರು. ಕೈಗೆ ಹತ್ತಿದ ಕೆಸರನ್ನು ಒರೆಸಿಕೊಂಡರು.

"ಖರೇ ಐತಿ. ಉಲ್ಟಾ ಐತಿ ಇದು" ಎಂದರು. "ಅಲ್ಲೆ ಥಂಡ್ಯಾಗ ಬಾಣ ಬರಿಯೋ ಮುಂದ ನಾನ ತಪ್ಪು ಮಾಡಿರಬೇಕು."

"ಈಗ ಎಂತ ಮಾಡೋದು?"

"ಮಾಡೋದೇನು, ಹೋಗಿ ಹೇಳೋದು." ಕೋಟು ಕೂಡ ಹಾಕಿಕೊಳ್ಳದೆ ಅಂಗಳ ದಾಟಿ ಹನ್ನೆಕೆಯ ಕಚೇರಿಗೆ ಹೋದರು. ಕಿಟಕಿಯಿಂದ ನೋಡುತ್ತಿದ್ದೆ. ಗಾಳಿಗೆ ಅವರ ಅಂಗಿ ಉಬ್ಬಿತ್ತು.

ಅರ್ಧ ಗಂಟೆಯಲ್ಲಿ ಮೂರು ವರ್ಷದ ಕೆಲಸದ ಮುಖ್ಯ ಅಧ್ಯಾಯ ಬಿದ್ದುಹೋಯಿತು. ಡಿಫೆನ್ಸ್ ಮುಂದಕ್ಕೆ ಹೋಯಿತು.

ಮರುದಿನ ಬೆಳಿಗ್ಗೆ ಆ ತುಂಡನ್ನು ಶೀತಲ ಕೋಣೆಗೆ ವಾಪಸ್ ಇಡಲು ನಾನು ಎತ್ತಿದೆ. ಕೊಳವೆಯ ಹೊರಮೈಯಲ್ಲಿ, ಕೆಳಭಾಗದಲ್ಲಿ, ಬೆರಳಿಗೆ ಏನೋ ಒರಟು ತಾಗಿತು. ತಿರುಗಿಸಿ ನೋಡಿದೆ. ಪ್ಲಾಸ್ಟಿಕ್ಕಿನಲ್ಲಿ ಚಾಕುವಿನಿಂದ ಗೀರಿದ ಒಂದು ಬಾಣ. ಚಳಿಗೆ ಮಾರ್ಕರ್ ಶಾಯಿ ನಿಲ್ಲುವುದಿಲ್ಲ ಎಂದು ಮಹಾಂತೇಶಣ್ಣ ಫ್ಯೋರ್ಡ್‌ನಲ್ಲೇ ಗೀರಿದ್ದು. ಅದು ಕಲ್ಲು ಹೇಳುತ್ತಿದ್ದ ದಿಕ್ಕನ್ನೇ ಹೇಳುತ್ತಿತ್ತು. ತುದಿಯಲ್ಲಿದ್ದ ಬಿಳಿ ಸ್ಟಿಕರಿನ ಬಾಣ ಎದುರು ದಿಕ್ಕಿಗಿತ್ತು. ಸ್ಟಿಕರಿನ ಮೇಲಿನದು ನನ್ನ ಅಕ್ಷರ.

ನೆನಪಾಯಿತು. ಅಕ್ಟೋಬರ್‌ನಲ್ಲಿ ಆ ತುಂಡನ್ನು ಸೀಳಿದ ದಿನ ವಿಮ್ ರಜೆಯಲ್ಲಿದ್ದರು. ಫೋಟೊ ತೆಗೆಯುವ ದೀಪದ ವೈರು ಗಿಡ್ಡ. ಟೇಬಲ್ ಎಳೆಯುವ ಬದಲು ನಾನು ಕೊಳವೆಯನ್ನೇ ತಿರುಗಿಸಿಟ್ಟಿದ್ದೆ. ಸ್ಟಿಕರ್ ಅಂಟಿಸಿದ್ದು ಆಮೇಲೆ. ಕಾದಿಟ್ಟ ಇನ್ನೊಂದು ಅರ್ಧವನ್ನೂ ಹೋಗಿ ನೋಡಿದೆ. ಅಲ್ಲೂ ಹಾಗೇ ಇತ್ತು.

ಹಿಂದಿನ ದಿನ ಅವರು ಎರಡೂ ಕೈ ಕೆಳಗೆ ಹಾಕಿ ಎತ್ತಿದ್ದು ಏಕೆ ಎಂದು ಆಗ ತಿಳಿಯಿತು.

ಅಂಗಳ ದಾಟಿದರೆ ಹನ್ನೆಕೆಯ ಕಚೇರಿ. ನೂರು ಹೆಜ್ಜೆಯೂ ಇಲ್ಲ. ನಾನು ಹೋಗಲಿಲ್ಲ. ಮೌಲ್ಯಮಾಪನ ಮುಗಿಯಲಿ ಎಂದುಕೊಂಡೆ. ಹೇಗೂ ಅವರು ಹೇಳಿಯಾಗಿದೆ, ಈಗ ಬದಲಾಯಿಸಿದರೆ ಅವರೇ ಸುಳ್ಳು ಹೇಳಿದಂತಾಗುತ್ತದೆ ಎಂದುಕೊಂಡೆ. ಮನುಷ್ಯನಿಗೆ ಬೇಕಾದಾಗ ಕಾರಣಗಳು ಸಾಲುಗಟ್ಟಿ ಬರುತ್ತವೆ. ಹನ್ನೊಂದು ದಿನ ಅದೇ ಟ್ರಾಮಿನಲ್ಲಿ ಅವರ ಪಕ್ಕದಲ್ಲಿ ಕೂತು ಹೋದೆ. ನಾರ್ವೆಯವರು ಆರು ತಿಂಗಳು ಕಾಯಬಹುದೇನೋ ಎಂದು ಅವರು ಪತ್ರ ಬರೆದಿದ್ದರು. ಕಾಯಲಾಗುವುದಿಲ್ಲ ಎಂದು ಬಂದ ಉತ್ತರವನ್ನು ಟ್ರಾಮಿನಲ್ಲೇ ನನಗೆ ತೋರಿಸಿದರು. "ಅವರ ಕೆಲಸ ಅವರಿಗೆ" ಎಂದು ಫೋನು ಕಿಸೆಯಲ್ಲಿಟ್ಟುಕೊಂಡರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಮೌಲ್ಯಮಾಪನದಲ್ಲಿ ನಾನು ಪಾಸಾದೆ. ಆ ಕಲ್ಲನ್ನು ಗಮನಿಸಿದ್ದನ್ನೇ ಸಮಿತಿ ವಿಶೇಷವಾಗಿ ಹೊಗಳಿತು. ಸೂಕ್ಷ್ಮ ಕಣ್ಣು, ಪ್ರಾಮಾಣಿಕ ನಡವಳಿಕೆ ಎಂದು ವರದಿಯಲ್ಲಿ ಬರೆದರು. ಆ ಸಾಲನ್ನು ನಾನು ಬಹಳ ಸಲ ಓದಿದ್ದೇನೆ.

ಅದಕ್ಕೆ ಕೆಲವು ದಿನ ಮೊದಲಿನಿಂದ ಪೂರ್ವದ ಗಾಳಿ ಬೀಸುತ್ತಿತ್ತು. ಈ ದೇಶದಲ್ಲಿ ಈಗ ಅಪರೂಪವಾಗಿರುವಂಥ ಚಳಿ. ಕಾಲುವೆಗಳು ಹೆಪ್ಪುಗಟ್ಟಿದವು. ಉತ್ತರ ದಂಡೆಯ ಆಚೆ, ಇಳಿತದಲ್ಲಿ ಮೈಲುಗಟ್ಟಲೆ ತೆರೆದುಕೊಳ್ಳುವ ವಾಡನ್ ಸಮುದ್ರದ ಕೆಸರು ಬಯಲೂ ಹೆಪ್ಪುಗಟ್ಟಿದೆ ಎಂದು ಸುದ್ದಿ ಬಂತು. ಧ್ರುವದ ಕೆಸರಿಗೆ ಹೋಲಿಸಲು ಇಂಥ ಅವಕಾಶ ಮತ್ತೆ ಯಾವಾಗಲೋ ಎಂದು ಹನ್ನೆಕೆ ನಮ್ಮಿಬ್ಬರನ್ನು ಸಂಸ್ಥೆಯ ವ್ಯಾನಿನಲ್ಲಿ ಕಳಿಸಿದರು. ಕಟ್ಟೆ ಹತ್ತಿ ನಿಂತಾಗ ಎದುರಿಗೆ ಬೂದು ಬಣ್ಣದ ಬಯಲು. ರಾತ್ರಿಯ ಭರತ ಮಂಜಿನ ಹಾಳೆಗಳನ್ನು ಒಡೆದು, ಎತ್ತಿ, ಒಂದರ ಮೇಲೊಂದು ಪೇರಿಸಿ ಹೋಗಿತ್ತು. ಹಾಳೆಗಳ ತಳಕ್ಕೆ ಅಂಗೈ ದಪ್ಪ ಕೆಸರು, ಚಿಪ್ಪು, ಕಟ್ಟೆಯ ಬುಡದ ಕಲ್ಲುಚೂರು ಅಂಟಿಕೊಂಡಿದ್ದವು. ಒಂದು ಚಳಿಯ ವಾರ ಅಷ್ಟು ಮಣ್ಣನ್ನು ಅಲ್ಲಿಂದಿಲ್ಲಿಗೆ ಹೊತ್ತು ತಂದಿತ್ತು. ಮಧ್ಯಾಹ್ನ ಎರಡಕ್ಕೆ ನೀರು ಮತ್ತೆ ಏರಲು ಶುರು. ಅದಕ್ಕೆ ಮೊದಲು ಕಟ್ಟೆಗೆ ಹಿಂತಿರುಗಬೇಕಿತ್ತು.

ನಾವು ಮಂಜಿನ ಹಾಳೆಗಳ ತಳದ ಕೆಸರನ್ನು ಕೆರೆದು ಚೀಲಗಳಿಗೆ ತುಂಬುತ್ತ ಒಂದು ಗಂಟೆ ಕೆಲಸ ಮಾಡಿದೆವು.

"ಅಣ್ಣ, ಆ ಸ್ಟಿಕರ್ ನಾನು ಹಾಕಿದ್ದು."

ಅವರು ತಲೆ ಎತ್ತಲಿಲ್ಲ. "ಗೊತ್ತೈತಿ."

"ನೀವು ಗೀರಿದ ಬಾಣ ಸರಿ ಇತ್ತು. ಆ ದಿನವೇ ನಿಮಗೆ ಗೊತ್ತಾಯ್ತಲ್ಲ?"

"ಕೈಗೆ ಹತ್ತಿತು." ಚೀಲದ ಬಾಯಿ ಕಟ್ಟಿ ಕೆಳಗಿಟ್ಟರು. "ನಿಂದು ಪರೀಕ್ಷಾ ಇತ್ತು. ನಂಗ ಹೋದ್ರ ಆರು ತಿಂಗಳ ಹೋಗ್ತಾವು, ನಿನಗ ಹೋದ್ರ ಎಲ್ಲಾ ಹೋಗ್ತೈತಿ ಅನಿಸ್ತು. ನಾರ್ವೆದವ್ರು ಕಾಯ್ತಾರ ಅಂತ ತಿಳಕೊಂಡಿದ್ದೆ. ಅದೊಂದು ಲೆಕ್ಕ ತಪ್ಪಿತು. ಇರ್ಲಿ. ನಿನಗ ಯಾವಾಗ ತಿಳೀತು?"

ಇಂದು ಬೆಳಿಗ್ಗೆ ಎಂದು ಹೇಳಬಹುದಿತ್ತು. ಅವರು ನಂಬುತ್ತಿದ್ದರು.

"ಮರುದಿನವೇ. ಹನ್ನೊಂದು ದಿನ ಸುಮ್ನಿದ್ದೆ."

ಆಗ ಅವರು ನನ್ನನ್ನು ನೋಡಿದರು. ಸಿಟ್ಟೇನೂ ಇರಲಿಲ್ಲ ಆ ಮುಖದಲ್ಲಿ. ಹೊತ್ತ ಚೀಲದ ತೂಕ ಏಕಾಏಕಿ ಹೆಚ್ಚಾದವರ ಹಾಗೆ ಭುಜ ಸ್ವಲ್ಪ ಇಳಿಯಿತು.

"ನಿನಗ ಗೊತ್ತಿಲ್ಲ ಅನ್ಕೊಂಡಿದ್ದೆ ನಾ" ಎಂದರು. ಆಮೇಲೆ, "ಆ ಪತ್ರಾ ತೋರ್ಸಿದಾಗ್ಲೂ ಗೊತ್ತಿತ್ತೇನು?"

"ಗೊತ್ತಿತ್ತು."

ಅವರು ಚೀಲಗಳನ್ನೆಲ್ಲ ಜಾರುಬಂಡಿಗೆ ಹೇರಿದರು. ದೂರದ ಕಾಲುವೆಯಲ್ಲಿ ನೀರು ತಿರುಗಿದ ಸದ್ದು ಕೇಳಿಸತೊಡಗಿತ್ತು. ಮಂಜಿನ ಹಾಳೆಗಳು ಒಂದಕ್ಕೊಂದು ಉಜ್ಜುವ ಸದ್ದು.

"ಹೇಳೋದಿದ್ರ ನೀನ ಹೇಳು. ನಾ ಹೇಳಾಂಗಿಲ್ಲ, ಹೇಳಬ್ಯಾಡ ಅಂತನೂ ಅನ್ನಾಂಗಿಲ್ಲ. ನಡಿ, ನೀರು ಬರಾಕತ್ತೈತಿ."

ಕಟ್ಟೆಯವರೆಗೆ ಅವರು ಮುಂದೆ, ನಾನು ಹಿಂದೆ.

ಮರುದಿನ ಬೆಳಿಗ್ಗೆ ಹನ್ನೆಕೆ ಬರುವ ಮೊದಲೇ ಹೋಗಿ ಅವರ ಬಾಗಿಲ ಮುಂದೆ ನಿಂತೆ. ಅವರು ಸೈಕಲ್ ಹೆಲ್ಮೆಟ್ ತೆಗೆಯುತ್ತ ಒಳಗೆ ಕರೆದರು. ನಾನು ಎಲ್ಲವನ್ನೂ ಹೇಳಿದೆ: ವೈರು, ಸ್ಟಿಕರ್, ಗೀರಿದ ಬಾಣ, ಹನ್ನೊಂದು ದಿನ. ಅಳಬಾರದು ಎಂದು ನಿರ್ಧರಿಸಿಕೊಂಡು ಹೋಗಿದ್ದೆ, ಅಳಲಿಲ್ಲ.

"ಬಾಣ ತಪ್ಪಾಗಿ ಬರೆದದ್ದು ತಪ್ಪು. ನಾನೂ ಬರೆದಿದ್ದೇನೆ, ವಿಮ್ ಬರೆದಿದ್ದಾರೆ" ಎಂದರು ಹನ್ನೆಕೆ. "ಹನ್ನೊಂದು ದಿನ ಸುಮ್ಮನಿದ್ದದ್ದು ಅಂಥ ತಪ್ಪಲ್ಲ. ಅದಕ್ಕೆ ನನ್ನ ಹತ್ತಿರ ಬೇರೆ ಹೆಸರಿದೆ. ನಿನಗೂ ಗೊತ್ತು."

ಗೊತ್ತು ಎಂದೆ.

ಮೌಲ್ಯಮಾಪನವನ್ನು ಅವರು ಮತ್ತೆ ತೆರೆದರು. ಆಗಸ್ಟ್‌ನಲ್ಲಿ ಇನ್ನೊಂದು, ಅಲ್ಲಿಯವರೆಗೆ ಯಾವ ಖಾತ್ರಿಯೂ ಇಲ್ಲ. ನಾನು ಸ್ಟಿಕರ್ ಹಾಕಿದ್ದ ಪ್ರತಿಯೊಂದು ತುಂಡನ್ನೂ ವಿಮ್ ಜೊತೆ ಕೂತು ಮತ್ತೆ ಪರೀಕ್ಷಿಸಬೇಕು. ಸೋಮವಾರದ ಸಭೆಯಲ್ಲಿ ಎಲ್ಲರ ಮುಂದೆ ನಾನೇ ಹೇಳಬೇಕು. ಆ ಸಭೆಯಲ್ಲಿ ಹದಿನಾರು ಜನರಿದ್ದರು. ಹೇಳಿ ಮುಗಿಸಿದ ಮೇಲೆ ಯಾರೋ ಕುರ್ಚಿ ಸರಿಸಿದರು. ಮಹಾಂತೇಶಣ್ಣ ಕಿಟಕಿಯಾಚೆ ನೋಡುತ್ತಿದ್ದರು. ಹನ್ನೆಕೆ ಮಹಾಂತೇಶಣ್ಣನ ಕಡೆ ತಿರುಗಿ, ನನಗೆ ಸುಳ್ಳು ಹೇಳಬಾರದಿತ್ತು ನೀನು, ಎಷ್ಟೇ ಒಳ್ಳೆಯ ಸುಳ್ಳಾದರೂ, ಎಂದರು. ಅವರು ಹೌದು ಎಂದು ತಲೆಯಾಡಿಸಿದರು.

ಮಾರ್ಚ್ ಇಡೀ ವಿಮ್ ಮತ್ತು ನಾನು ಶೀತಲ ಕೋಣೆಯಲ್ಲಿ ಕಳೆದೆವು. ನಾಲ್ಕು ಡಿಗ್ರಿಯಲ್ಲಿ, ಎರಡು ಸ್ವೆಟರ್ ಮೇಲೆ ಕೋಟು ಹಾಕಿ, ಒಂದೊಂದು ಕೊಳವೆಯನ್ನೂ ಎತ್ತಿ ಹೊರಮೈ ಸವರುವುದು, ಗೀರು ಹುಡುಕುವುದು, ಬರೆದುಕೊಳ್ಳುವುದು. ಬೇರೆ ಯಾವುದೂ ತಪ್ಪಾಗಿರಲಿಲ್ಲ. ಆ ಒಂದೇ ಮೀಟರ್. ವಿಮ್ ಒಂದು ದಿನ ಕಾಫಿ ಕೊಡುತ್ತ, ಆ ದಿನ ನಾನು ರಜೆ ಹಾಕಬಾರದಿತ್ತು ಎಂದರು. ಅದು ನಿಮ್ಮ ತಪ್ಪಲ್ಲ ಎಂದೆ. ಅಲ್ಲ, ಆದರೆ ವೈರು ಗಿಡ್ಡವಿದೆ ಎಂದು ನನಗೆ ಹತ್ತು ವರ್ಷದಿಂದ ಗೊತ್ತಿತ್ತು ಎಂದರು. ಆ ಸಂಜೆ ಹೊಸ ವೈರು ತಂದು ಜೋಡಿಸಿದರು.

ಮೂರನೆಯ ತುಂಡನ್ನು ಸರಿಯಾಗಿ ತಿರುಗಿಸಿಟ್ಟಾಗ ಕೋರ್ ಸರಾಗವಾಗಿ ಓದಿಸಿಕೊಂಡಿತು. ತಳದ ಕೆಸರು, ಅದರ ಮೇಲೆ ಮೊದಲ ಬಾರಿ ಅಲೆ ಮುಟ್ಟಿದ ತೆಳು ಮರಳು, ಬಿರುಗಾಳಿಯ ಗುರುತುಗಳು, ಕೊನೆಗೆ ದಿನಕ್ಕೆರಡು ಬಾರಿಯ ಪದರಗಳು. ನೆಲ ಏರಿತ್ತು, ಸಮುದ್ರ ಸರಿದಿತ್ತು. ಆಶ್ಚರ್ಯದ್ದೇನೂ ಇರಲಿಲ್ಲ. ಮಹಾಂತೇಶಣ್ಣ ಅಧ್ಯಾಯವನ್ನು ಮೊದಲಿನಿಂದ ಬರೆದರು. ನನ್ನ ಜೊತೆ ಸರಿಯಾಗಿಯೇ ಇದ್ದರು. ಕೇಳಿದ್ದಕ್ಕೆ ಉತ್ತರ, ಬರೆದದ್ದಕ್ಕೆ ತಿದ್ದುಪಡಿ, ಎಲ್ಲ ಇತ್ತು. ಬೆಳಿಗ್ಗೆ ಮಾತ್ರ ಇಪ್ಪತ್ತು ನಿಮಿಷ ಮೊದಲಿನ ಟ್ರಾಮ್ ಹಿಡಿಯತೊಡಗಿದರು. ಭಾನುವಾರದ ಡಬ್ಬಿ ನಿಂತಿತು. ಒಂದು ಸಲ ನಾನೇ ಉಪ್ಪಿಟ್ಟು ಮಾಡಿಕೊಂಡು ಅವರ ಕೋಣೆಯವರೆಗೆ ಹೋಗಿ, ಬೆಲ್ ಒತ್ತದೆ ವಾಪಸ್ ಬಂದೆ.

ಅವರ ಡಿಫೆನ್ಸ್ ಆದದ್ದು ಸೆಪ್ಟೆಂಬರ್‌ನಲ್ಲಿ, ಆಗಸ್ಟ್‌ನ ಮೌಲ್ಯಮಾಪನದಲ್ಲಿ ನಾನು ಪಾಸಾದ ಮುಂದಿನ ತಿಂಗಳು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಅಷ್ಟರಲ್ಲಿ ಅವರಿಗೆ ಬೇರೆಲ್ಲೂ ಕೆಲಸ ಸಿಕ್ಕಿರಲಿಲ್ಲ, ಪರ್ಮಿಟ್ ಮುಗಿಯಿತು, ಊರಿಗೆ ಹೋದರು. ಈಗ ಹೊಸಪೇಟೆಯ ಒಂದು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಾರೆ. ಒಳ್ಳೆಯ ಮೇಷ್ಟ್ರು ಎಂದು ಅಲ್ಲಿಂದ ಬಂದವರು ಹೇಳುತ್ತಾರೆ. ಮಂಜು ಕಟ್ಟುವ ಕಡಲಂಚನ್ನು ಅವರಷ್ಟು ಚೆನ್ನಾಗಿ ಓದಬಲ್ಲವರನ್ನು ನಾನು ಇನ್ನೂ ಕಂಡಿಲ್ಲ. ಅವರು ಆ ದಂಡೆಗೆ ಮತ್ತೆ ಹೋಗಲಿಲ್ಲ.

ನಾನು ಹೋದೆ. ಅವರ ಡಿಫೆನ್ಸ್‌ಗೆ ಎರಡು ತಿಂಗಳು ಮೊದಲು, ಆ ಜುಲೈನಲ್ಲಿ. ಅದೇ ಫ್ಯೋರ್ಡ್‌ನಲ್ಲಿ ಇನ್ನಷ್ಟು ಕೋರ್ ತೆಗೆಯಬೇಕಿತ್ತು, ಮಹಾಂತೇಶಣ್ಣನ ಕರಾರು ಜೂನ್‌ಗೆ ಮುಗಿದಿತ್ತು. ಅವರನ್ನೇ ಕಳಿಸಿ ಎಂದು ಹನ್ನೆಕೆಯನ್ನು ಕೇಳಿದೆ. ಕರಾರು ಇಲ್ಲದವರನ್ನು ಕಳಿಸಲು ನಿಯಮವಿಲ್ಲ ಎಂದರು. ಹೊರಡುವ ಮೊದಲು ಮಹಾಂತೇಶಣ್ಣನ ಮೇಜಿನ ಹತ್ತಿರ ಹೋಗಿ ನಿಂತೆ. ಅವರು ನಕ್ಷೆಯ ಮೇಲೆ ಪೆನ್ಸಿಲ್ಲಿನಿಂದ ಒಂದು ಜಾಗ ಗುರುತು ಮಾಡಿಕೊಟ್ಟರು.

"ಇಲ್ಲೆ ತಗಿ. ನಾ ತಗದಿದ್ದಕಿಂತ ಐವತ್ತು ಹೆಜ್ಜಿ ಒಳಗ. ಸಮುದ್ರ ಹೊಳ್ಳಿ ಬಂದಿದ್ರ ಇಲ್ಲೆ ಗುರ್ತು ಬಿಟ್ಟಿರತೈತಿ." ಪೆನ್ಸಿಲ್ ಕೆಳಗಿಟ್ಟು, "ಇಲ್ಲದಿದ್ರ ಇಲ್ಲ" ಎಂದರು.

ಅಲ್ಲಿ ಸೂರ್ಯ ಮುಳುಗುತ್ತಿರಲಿಲ್ಲ. ಇಳಿತದ ಹೊತ್ತಿಗೆ ಮಾತ್ರ ನಮ್ಮ ದಿನ ಶುರುವಾಗುತ್ತಿತ್ತು. ಒಬ್ಬರು ಹಿಮಕರಡಿ ಬಂದೀತೆಂದು ಬಂದೂಕು ಹಿಡಿದು ಕಾಯುತ್ತಿದ್ದರು, ಉಳಿದ ಮೂವರು ಕೊಳವೆ ಬಡಿದು ಇಳಿಸುತ್ತಿದ್ದೆವು. ಹಿಂದೆ ತಿರುಗಿ ನೋಡಿದರೆ ಬೆಟ್ಟದ ಬುಡದವರೆಗೆ ಹಳೆಯ ದಡಗಳು ಮೆಟ್ಟಿಲುಗಳ ಹಾಗೆ ಏರುತ್ತ ಹೋಗಿದ್ದವು. ಒಂದೊಂದೂ ಒಂದು ಕಾಲದಲ್ಲಿ ನೀರಿನ ಅಂಚು. ಕಾಲಿಗೆ ತಾಗುತ್ತಿದ್ದ ಚಿಪ್ಪುಗಳು ಸಾವಿರಾರು ವರ್ಷ ಹಳೆಯವು, ಈಗ ಸಮುದ್ರದ ಸದ್ದೂ ಸರಿಯಾಗಿ ಕೇಳದಷ್ಟು ಎತ್ತರದಲ್ಲಿದ್ದವು.

ಪೆನ್ಸಿಲ್ ಗುರುತಿನ ಜಾಗದಲ್ಲಿ ಮೊದಲ ಕೊಳವೆಗಳನ್ನು ಎತ್ತಿದೆವು. ಹಳೆಯ ಮೂರನೆಯ ತುಂಡಿನ ಆಳಕ್ಕೆ ಸರಿಯಾದ ಒಂದು ತುಂಡನ್ನು ಅಲ್ಲೇ ಸೀಳಿ ನೋಡಲು ಹನ್ನೆಕೆ ಅನುಮತಿ ಕೊಟ್ಟಿದ್ದರು. ಸೀಳುವ ಮೊದಲು ಬಾಣವನ್ನು ಮೂರು ಕಡೆ ಗೀರಿದೆ. ಚಾಕುವಿನಿಂದ ಮೈ ನಯ ಮಾಡುತ್ತ ಬಂದಂತೆ ಇರಲಿ, ಇರಲಿ ಎಂದು ಒಳಗೇ ಹೇಳಿಕೊಳ್ಳುತ್ತಿದ್ದೆ. ಒಂದೇ ಒಂದು ಕಡೆ ಕೆಸರು ಮರಳಿನ ಮೇಲೆ ಹತ್ತಿ ಬಂದಿದ್ದರೆ ಸಾಕಿತ್ತು. ಅವರ ಅಧ್ಯಾಯ ವಾಪಸ್ ಬರುತ್ತಿತ್ತು. ಕೆಸರು, ಕೆಸರಿನ ಮೇಲೆ ಮರಳು, ಮರಳಿನ ಮೇಲೆ ತೆಳು ಪದರಗಳು. ಎರಡು ಸಲ ನೋಡಿದೆ. ಚಿಟಿಕೆ ತೆಗೆದು ಹಲ್ಲಿಗೆ ಹಚ್ಚಿ ನೋಡಿದೆ. ಬೇರೆ ಏನೂ ಇರಲಿಲ್ಲ.

ಉಪಗ್ರಹದ ಮೂಲಕ ಸಣ್ಣ ಸಂದೇಶ ಕಳಿಸುವ ಒಂದು ಯಂತ್ರ ನಮ್ಮಲ್ಲಿತ್ತು. ಅದಕ್ಕೆ ಕನ್ನಡ ಲಿಪಿ ಬರುತ್ತಿರಲಿಲ್ಲ. ಕೈಗವಸು ತೆಗೆದು, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಒತ್ತಿದೆ: ಅಣ್ಣ, ನೋಡಿದೆ. ಸಮುದ್ರ ವಾಪಸ್ ಬಂದಿಲ್ಲ.

ಅಷ್ಟನ್ನೇ ಕಳಿಸಿಬಿಟ್ಟೆ.

ಒಂದು ಗಂಟೆಯ ಮೇಲೆ ಉತ್ತರ ಬಂತು.

"ಗೊತ್ತಾತು. ಚಲೋ ಆತು, ಖಾತ್ರಿ ಆತು. ಥಂಡಿ ಭಾಳ ಐತೇನು? ಕೈಗವಸ ತಗದು ಟೈಪ್ ಮಾಡಬ್ಯಾಡ, ಬೆರಳು ಹೋಗ್ತಾವು."

ಬೆರಳುಗಳಿಗೆ ಆಗಲೇ ಸ್ಪರ್ಶ ಇರಲಿಲ್ಲ. ಮತ್ತೆ ಜೀವ ಬರುವವರೆಗೆ ಕಂಕುಳಲ್ಲಿ ಒತ್ತಿಕೊಂಡು ನಿಂತಿದ್ದೆ. ಇಳಿತ ಮುಗಿಯಲು ಇನ್ನೂ ಎರಡು ಗಂಟೆ ಇತ್ತು. ಉಳಿದ ಕೊಳವೆಗಳನ್ನು ಹೆಗಲಿಗೆ ಹಾಕಿಕೊಂಡು ಕೆಸರಿಗೆ ಇಳಿದೆವು.